ಸೂರಿನಡಿಯ ಒಣಮಣ್ಣು

ಯಾನಪಂಬ
11 ಅಕ್ಟೋಬರ್ 1992

ಡಾಕ್ಟರ್ ಎಲ್ವಿಯ ಗರ್ಸೋನ್ ಅವರಿಗೆ,

ನೀವು ಜೀಪು ಹತ್ತಿ ಹೋದ ಮೇಲೆ ನೆಲದಿಂದೇಳುವ ಅನಿಲದ ಮೊದಲ ಸುತ್ತಿನ ಅಳತೆ ಮುಗಿಸಿದ್ದೇನೆ. ನೀವು ಸುಣ್ಣ ಬಳಿದು ಗುರುತು ಮಾಡಿದ ಪ್ರತಿಯೊಂದು ಕಲ್ಲಿನ ಪಕ್ಕದಲ್ಲೂ ಬಕೆಟ್ಟನ್ನು ನೆಲಕ್ಕೆ ಬೋರಲು ಹಾಕಿ, ಕಾದು, ಒಳಗೆ ಸೇರಿದ ಗಾಳಿಯನ್ನು ಕೈಪಂಪಿನಿಂದ ಗಾಜಿನ ನಳಿಕೆಗೆ ಎಳೆದು, ಅದರೊಳಗಿನ ಬಿಳಿ ಪುಡಿ ಎಲ್ಲಿಯವರೆಗೆ ನೇರಳೆಯಾಯಿತು ಎಂದು ಬರೆದುಕೊಂಡೆ. ಅಂಕಿಗಳು ಜೊತೆಯ ಹಾಳೆಯಲ್ಲಿವೆ. ನೀವು ಕೊಟ್ಟುಹೋದ ಉಕ್ಕಿನ ಬಳೆಯನ್ನು ಸುತ್ತಿಗೆಯಿಂದ ನೆಲಕ್ಕಿಳಿಸಿ ತೆಗೆದ ಮಣ್ಣಿನ ಡಬ್ಬಿಗಳನ್ನು ಹಾಲಿನ ಲಾರಿಯ ವಿಲ್ಸನ್ ಕೈಯಲ್ಲಿ ಲತಾಕುಂಗಕ್ಕೆ ಕಳಿಸಿದ್ದೇನೆ. ಅಲ್ಲಿಂದ ಬಸ್ಸಿನಲ್ಲಿ ಕೀಟೊಗೆ ಬರುತ್ತವೆ.

ಊರಿನವರಿಗೆ ನಾನು ಒಳ್ಳೆಯ ಮನರಂಜನೆಯಾಗಿದ್ದೇನೆ. ಪಂಚಾಯಿತಿಯ ಮುಖಂಡ ಅಬೆಲಾರ್ದೊ ಬೇಲಿಗೆ ಒರಗಿ ನಿಂತು, "ಕರಾವಳಿ ಕೋತಿಗೆ ಚಳಿ ತಲೆಗೇರೈತೆ ನೋಡ್ರಪ್ಪಾ, ನೆಲಕ್ಕೆ ಟೋಪಿ ಹಾಕ್ತಾ ಕೂತೈತೆ" ಅಂದ. ಸಮುದ್ರದ ಕಡೆಯವರನ್ನು ಇಲ್ಲಿ ಕೋತಿ ಎಂದೇ ಕರೆಯುವುದು. ಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರೂ ಕರೆಯದ ದಿನ ಏನೋ ಕಳಕೊಂಡ ಹಾಗಾಗುತ್ತದೆ.

ಅತಿ ಹೆಚ್ಚು ಅನಿಲ ಸಿಕ್ಕಿದ್ದು ರೊಸಾರಿಯೊ ಚಿಕೈಸಾಳ ಅಡುಗೆಮನೆಯಲ್ಲಿ. ಊಟಕ್ಕೆಂದು ಒಲೆಯ ಬುಡದಲ್ಲಿ ಸಾಕಿದ್ದ ಗಿನಿಹಂದಿಗಳೆಲ್ಲ ಹೋದ ವಾರ ಒಂದೇ ಬೆಳಗಿಗೆ ಸತ್ತು ಬಿದ್ದಿದ್ದವಂತೆ. "ಬೆಟ್ಟದ ತಾತ ಉಸಿರು ಬಿಟ್ಟವ್ನೆ ಮೇಷ್ಟ್ರೇ, ಅದು ಕೆಟ್ಟ ಗಾಳಿ" ಎಂದು ಮೂಲೆಮೂಲೆಗೂ ಹೊಗೆ ಹಾಕಿದಳು. ಅವಳು, ಅವಳತ್ತೆ ಪೆತ್ರೋನಜ್ಜಿ, ಸಣ್ಣ ಮಗಳು ನೋರ್ಮ ಮೂವರೂ ಮಲಗುವುದು ಅದೇ ಅಡುಗೆಮನೆಯ ನೆಲದ ಮೇಲೆ. ಗಂಡ ನಮ್ಮ ಕರಾವಳಿಯ ಬಾಳೆತೋಟದಲ್ಲಿ ಕೂಲಿಗಿದ್ದಾನೆ. ಅವನು ನನ್ನೂರಿಗೆ ಹೋದ, ನಾನು ಅವನೂರಿಗೆ ಬಂದೆ. ನಾವಿಬ್ಬರೂ ದಾರಿಯಲ್ಲಿ ಎದುರಾಗಿದ್ದರೆ ಒಬ್ಬರನ್ನೊಬ್ಬರು ತಡೆಯುತ್ತಿದ್ದೆವೋ ಏನೋ.

ನಾನು ಶಾಲೆಗೆ ಅಂಟಿಕೊಂಡ ಕೋಣೆಯಲ್ಲಿದ್ದೇನೆ. ನಾಯಿ ಸುಲ್ತಾನ್ ಮಂಚದ ಕೆಳಗೆ ಮಲಗುತ್ತದೆ. ನೀವು ಬಂದ ದಿನ ಇಲ್ಲಿ ಆಲೂಗಡ್ಡೆ ಸಾರು ಉಂಡಿರಲ್ಲ, ನೀವು ಹೋದ ಮೇಲೆ ಎರಡನೆಯ ತಟ್ಟೆ ತೊಳೆದು ಇಡುವಾಗ, ನಾನಿಲ್ಲಿಗೆ ಬಂದ ಮೇಲೆ ಅದು ಬಳಕೆಯಾದದ್ದು ಅದೇ ಮೊದಲು ಎಂದು ಹೊಳೆಯಿತು. ಇದನ್ನು ಯಾಕೆ ಬರೆದೆನೋ. ಹಾಳೆಯಲ್ಲಿ ಜಾಗ ಉಳಿದಿತ್ತು.

ವಿಶ್ವಾಸದಿಂದ,
ಉಲ್ಬಿಯೊ ಮೇರೊ


ಕೀಟೊ
2 ನವೆಂಬರ್ 1992

ಉಲ್ಬಿಯೊ ಮೇರೊ ಅವರಿಗೆ,

ಅಂಕಿಗಳು, ಡಬ್ಬಿಗಳು ತಲುಪಿದವು. ಅಚ್ಚುಕಟ್ಟಾಗಿವೆ. ಇಂದು ಸತ್ತವರ ಹಬ್ಬ, ಸಂಸ್ಥೆಗೆ ರಜೆ. ಪ್ರಯೋಗಾಲಯದಲ್ಲಿ ನಾನೊಬ್ಬಳೇ ಇರುವುದರಿಂದ ನಿಧಾನವಾಗಿ ವಿವರಿಸಬಲ್ಲೆ.

ನೆಲ ಗಟ್ಟಿಯಾಗಿ ಕಾಣುತ್ತದೆ, ಆದರೆ ಅದರ ಅರ್ಧದಷ್ಟು ಖಾಲಿ. ಮಣ್ಣಿನ ಕಣಗಳ ನಡುವೆ ಸಂದುಗಳಿವೆ. ಅನಿಲ ಬರುವುದು ಆ ಸಂದುಗಳಲ್ಲಿ. ಮಣ್ಣನ್ನು ತುಳಿದರೆ ಸಂದು ಕಿರಿದಾಗುತ್ತದೆ. ಮಳೆ ಬಂದರೆ ನೀರು ತುಂಬಿ ಮುಚ್ಚಿಹೋಗುತ್ತದೆ. ನಿಮ್ಮೂರಿನ ಮಣ್ಣನ್ನು ನಾನು ಇಲ್ಲಿ ಗಾಜಿನ ಕಂಬಗಳಲ್ಲಿ ತುಂಬಿಸಿಟ್ಟಿದ್ದೇನೆ. ಒಂದರಲ್ಲಿ ಸಡಿಲವಾಗಿ, ಒಂದರಲ್ಲಿ ಕುಟ್ಟಿ, ಒಂದನ್ನು ನೆನೆಸಿ, ಕೆಳಗಿನಿಂದ ಅನಿಲ ಬಿಡುತ್ತೇನೆ. ಸಡಿಲ ಒಣಮಣ್ಣಿನಲ್ಲಿ ಅದು ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನಕ್ಕೆ ಮೇಲಿರುತ್ತದೆ. ನೆಂದ ಮಣ್ಣಿನಲ್ಲಿ ವಾರ ಕಳೆದರೂ ಸುಳಿವಿಲ್ಲ. ಎಷ್ಟು ಗಟ್ಟಿ, ಎಷ್ಟು ಒದ್ದೆ ಎಂದು ಗೊತ್ತಿದ್ದರೆ ಅನಿಲ ಎಲ್ಲಿ, ಯಾವಾಗ ಏಳುತ್ತದೆ ಎಂದು ಮೊದಲೇ ಹೇಳಬಹುದು. ನನ್ನ ಕೆಲಸ ಇಷ್ಟೇ.

ಮೇಲೆ ಬರಲಿಲ್ಲ ಎಂದರೆ ನಿಂತುಹೋಯಿತು ಎಂದಲ್ಲ. ಕೆಳಗಿನಿಂದ ಜ್ವಾಲಾಮುಖಿ ಬೆಟ್ಟ ತಳ್ಳುತ್ತಲೇ ಇರುತ್ತದೆ. ಅನಿಲ ಅಡ್ಡಡ್ಡ ಹರಿದು ಒಣಗಿದ ಜಾಗ ಹುಡುಕುತ್ತದೆ. ಮಳೆಗಾಲದಲ್ಲಿ ಊರೆಲ್ಲ ನೆಂದಾಗ ಒಣಗಿದ ನೆಲ ಉಳಿಯುವುದು ಮನೆಗಳ ಸೂರಿನ ಕೆಳಗೆ ಮಾತ್ರ. ಇದು ಇಂಗಾಲದ ಡೈಆಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ನೆಲದ ಮೇಲೆ ನೀರಿನಂತೆ ನಿಲ್ಲುತ್ತದೆ. ಗಿನಿಹಂದಿಗಳು ಸತ್ತದ್ದು ಅದರಿಂದಲೇ.

ನನ್ನ ಲೆಕ್ಕದ ಪ್ರಕಾರ ಮಳೆ ಹಿಡಿದುಕೊಂಡ ಮೇಲೆ ರೊಸಾರಿಯೊ ಅವರ ಅಡುಗೆಮನೆಯಲ್ಲಿ ನೆಲದ ಮೇಲೆ ಮಲಗಿದವರು ಬದುಕಿ ಏಳುವುದು ಕಷ್ಟ. ಅವರನ್ನು ತಕ್ಷಣ ಬೇರೆಡೆಗೆ ಕಳಿಸಿ. ದಯವಿಟ್ಟು ತಡಮಾಡಬೇಡಿ.

ಇನ್ನೊಂದು ಮಾತು. ಮುಂದಿನ ಪತ್ರಗಳಲ್ಲಿ ಅಳತೆಗಳನ್ನಷ್ಟೇ ಬರೆದರೆ ಸಾಕು. ಉಳಿದ ಸಂಗತಿಗಳು ಕೆಲಸಕ್ಕೆ ಬೇಕಾಗುವುದಿಲ್ಲ.

ಎಲ್ವಿಯ ಗರ್ಸೋನ್


ಯಾನಪಂಬ
29 ನವೆಂಬರ್ 1992

ಮಾನ್ಯರೇ,

ತಮ್ಮ ಸೂಚನೆಯಂತೆ ರೊಸಾರಿಯೊ ಚಿಕೈಸಾ ಅವರ ಕುಟುಂಬವನ್ನು ಸೂಕ್ತವಾದ ಒಣ ಜಾಗಕ್ಕೆ ಸ್ಥಳಾಂತರಿಸಲಾಗಿದೆ. ಪೆತ್ರೋನಜ್ಜಿ ಒಪ್ಪದ ಕಾರಣ ಸ್ವಲ್ಪ ವಿಳಂಬವಾಯಿತು. ಮಳೆ ಶುರುವಾಗಿದೆ. ಅಡುಗೆಮನೆಯಲ್ಲಿ ಅನಿಲದ ಪ್ರಮಾಣ ತಾವು ಹೇಳಿದಂತೆಯೇ ಏರಿದೆ. ಅಂಕಿಗಳು ಲಗತ್ತಿಸಿವೆ.

ಬೇರೆ ವಿಶೇಷವಿಲ್ಲ.

ಉಲ್ಬಿಯೊ ಮೇರೊ


ಕೀಟೊ
20 ಡಿಸೆಂಬರ್ 1992

ಮೇರೊ ಅವರೇ,

ಅಡುಗೆಮನೆಯ ಅಂಕಿಗಳು ನಾನು ಲೆಕ್ಕ ಹಾಕಿ ಎಳೆದಿಟ್ಟ ಗೆರೆಯ ಮೇಲೆಯೇ ಬಂದು ಕೂತಿವೆ. ಇಷ್ಟು ವರ್ಷ ಗಾಜಿನ ಕಂಬಗಳಲ್ಲಿ ಕಂಡದ್ದು ನಿಜವಾದ ಒಂದು ಊರಿನಲ್ಲಿ, ನಿಜವಾದ ಒಂದು ಮನೆಯಲ್ಲಿ ಹಾಗೆಯೇ ನಡೆಯಿತು. ಆ ಹಾಳೆಯನ್ನು ಯಾರಿಗಾದರೂ ತೋರಿಸಬೇಕೆನಿಸಿ ಕಾರಿಡಾರಿಗೆ ಬಂದೆ. ಎಲ್ಲರೂ ಕ್ರಿಸ್‌ಮಸ್ ರಜೆಗೆ ಹೊರಟಿದ್ದರು. ಕಾವಲುಗಾರನಿಗೆ ತೋರಿಸಿದೆ. "ಚೆನ್ನಾಗೈತೆ ಮೇಡಂ" ಅಂದ.

ಮೂವರು ಆ ನೆಲದ ಮೇಲೆ ಮಲಗಿಲ್ಲ ಎಂಬುದೇ ನನಗೆ ಈ ವರ್ಷದ ಹಬ್ಬ.

ಒಂದು ಸಂದೇಹ. ಶಾಲೆಯ ಮುಂದಿನ ಬಯಲಿನಲ್ಲಿ ಮೊದಲು ಸಾಕಷ್ಟು ಅನಿಲ ಏಳುತ್ತಿತ್ತು. ಈ ಸಲ ಏನೂ ಇಲ್ಲ ಎಂದು ಬರೆದಿದ್ದೀರಿ. ಮಳೆಯಿಂದ ಕಡಿಮೆಯಾಗಬೇಕು, ನಿಜ. ಪೂರ್ತಿ ಇಲ್ಲವಾಗುವುದು ನನ್ನ ಲೆಕ್ಕಕ್ಕೆ ಹೊಂದುವುದಿಲ್ಲ. ಬಕೆಟ್ಟಿನ ಅಂಚು ನೆಲಕ್ಕೆ ಸರಿಯಾಗಿ ಕೂತಿತ್ತೆ? ಆ ಬಯಲಿನ ಮಣ್ಣಿನ ಡಬ್ಬಿಗಳನ್ನು ಮತ್ತೊಮ್ಮೆ ಕಳಿಸಿ.

ಹಬ್ಬದ ಶುಭಾಶಯಗಳು. ಅಲ್ಲಿ ಚಳಿ ಹೇಗಿದೆ?

ಎಲ್ವಿಯ


ಯಾನಪಂಬ
17 ಜನವರಿ 1993

ಮಾನ್ಯರೇ,

ತಡವಾಯಿತು, ಕ್ಷಮಿಸಿ. ಬಕೆಟ್ಟು ಸರಿಯಾಗಿಯೇ ಕೂತಿತ್ತು. ಮತ್ತೆ ಅಳೆದೆ. ಬಯಲಿನಲ್ಲಿ ಏನೂ ಇಲ್ಲ. ಹೋದ ವಾರದ ಅಳತೆ ಬಿಟ್ಟುಹೋಗಿದೆ. ಬರೆದಿದ್ದೆ ಅಂದುಕೊಂಡಿದ್ದೆ, ಬರೆದಿರಲಿಲ್ಲ. ಈಚೆಗೆ ನಿದ್ದೆ ಜಾಸ್ತಿ. ಎದ್ದ ಮೇಲೂ ಎದ್ದ ಹಾಗಿರುವುದಿಲ್ಲ. ಮಕ್ಕಳಿಗೆ ಗುಣಾಕಾರ ಹೇಳಿಕೊಡುವಾಗ ಎಲ್ಲಿದ್ದೆ ಎಂದು ಮರೆತುಹೋಗುತ್ತದೆ. ಇದು ಕೆಲಸಕ್ಕೆ ಬೇಡದ ಸಂಗತಿ.

ಡಬ್ಬಿಗಳನ್ನು ವಿಲ್ಸನ್ ಕೈಯಲ್ಲಿ ಕೊಟ್ಟಿದ್ದೇನೆ. ಬಳೆ ಇಳಿಸಲು ಬಹಳ ಹೊತ್ತು ಹಿಡಿಯಿತು.

ತಡವಾಯಿತು, ಕ್ಷಮಿಸಿ.

ಉ. ಮೇರೊ


ಕೀಟೊ
1 ಫೆಬ್ರವರಿ 1993

ಮೇರೊ ಅವರೇ,

ನಿಮ್ಮ ಪತ್ರ ನೋಡಿ ಬೇಸರವಾಯಿತು. ಅಕ್ಷರಗಳು ಸಾಲು ಬಿಟ್ಟು ಇಳಿದಿವೆ. ಒಂದೇ ವಾಕ್ಯವನ್ನು ಎರಡು ಸಲ ಬರೆದಿದ್ದೀರಿ. ಅಳತೆ ತಪ್ಪಿಸಿದ್ದೀರಿ. ಮೇಲಿನ ಊರುಗಳಲ್ಲಿ ಒಂಟಿಯಾಗಿರುವ ಗಂಡಸರು ಸಂಜೆಯಾದರೆ ಏನು ಮಾಡುತ್ತಾರೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಅದು ನಿಮ್ಮ ಸ್ವಂತ ವಿಷಯ. ಆದರೆ ಕುಡಿದ ಕೈಯಿಂದ ಬರೆದ ಅಂಕಿಗಳ ಮೇಲೆ ನಾನು ಯಾರ ಜೀವವನ್ನೂ ಇಡಲಾರೆ.

ಅಳತೆ ಸಾಕೆನಿಸಿದ್ದರೆ ನೇರವಾಗಿ ಹೇಳಿ. ಬೇರೆ ಯಾರನ್ನಾದರೂ ನೋಡುತ್ತೇನೆ.

ಎಲ್ವಿಯ ಗರ್ಸೋನ್


ತಂತಿ
ಕೀಟೊ, 9 ಫೆಬ್ರವರಿ 1993

ಶಾಲೆ ಖಾಲಿ ಮಾಡಿ. ನಿಮ್ಮ ಕೋಣೆ ಕೂಡ. ಯಾರೂ ಒಳಗೆ ಮಲಗಬಾರದು. ಕಿಟಕಿ ಬಾಗಿಲು ತೆರೆದಿಡಿ. ಪತ್ರ ಬರುತ್ತಿದೆ. ಎಲ್ವಿಯ.


ಕೀಟೊ
9 ಫೆಬ್ರವರಿ 1993

ಉಲ್ಬಿಯೊ ಅವರೇ,

ತಂತಿ ನಿಮ್ಮ ಕೈ ಸೇರಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಡಬ್ಬಿಗಳು ಒಂದು ವಾರದಿಂದ ನನ್ನ ಮೇಜಿನ ಮೇಲೆಯೇ ಇದ್ದವು. ನಿಮ್ಮ ಮೇಲಿನ ಸಿಟ್ಟಿಗೆ ಮುಟ್ಟಿರಲಿಲ್ಲ. ಇಂದು ಬೆಳಿಗ್ಗೆ ಒಲೆಯಲ್ಲಿಟ್ಟು ಒಣಗಿಸಿ ತೂಗಿದೆ. ಅದೇ ಬಳೆ, ಅದೇ ಅಗಲ, ಅದೇ ಎತ್ತರ. ನೀರೆಲ್ಲ ಹೋದ ಮೇಲೂ ಅಕ್ಟೋಬರಿನ ಮಣ್ಣಿಗಿಂತ ಬಹಳ ಭಾರ. ಪುಡಿ ಮಾಡಲು ಹೋದರೆ ಹಲಗೆಯಂತೆ ಪದರಪದರವಾಗಿ ಎದ್ದಿತು. ಒಳಗೆ ಸುಣ್ಣದ ಚುಕ್ಕೆಗಳು. ಯಾರೋ ಆ ಬಯಲನ್ನು ಒದ್ದೆ ಮಾಡಿ, ಸುಣ್ಣ ಹಾಕಿ, ರೋಲರ್ ಎಳೆದು ಗಟ್ಟಿ ಮಾಡಿದ್ದಾರೆ. ಯಾಕೆ, ಯಾವಾಗ ಎಂದು ನನಗೆ ತಿಳಿಯದು.

ಬಯಲಿನಲ್ಲಿ ಅನಿಲವಿಲ್ಲ ಎಂದು ನೀವು ಬರೆದದ್ದು ಸರಿಯಾಗಿಯೇ ಇತ್ತು. ಅದು ಅಲ್ಲಿಂದ ಮೇಲೆ ಬರಲಾರದು. ಸುತ್ತಲಿನ ಹೊಲ ನೆಂದಿದೆ, ಅಲ್ಲಿಯೂ ದಾರಿಯಿಲ್ಲ. ಆ ಬಯಲಿಗೆ ಹತ್ತಿಕೊಂಡು, ಸೂರಿನ ಕೆಳಗೆ, ಸಡಿಲವಾಗಿ, ಒಣಗಿ ಉಳಿದ ನೆಲ ಒಂದೇ. ಶಾಲೆಯದು.

ನಿಮ್ಮ ನಿದ್ದೆ ಯಾವ ನಿದ್ದೆ ಎಂದು ಈಗ ಅರ್ಥವಾಯಿತು. ಹೋದ ವಾರ ಬರೆದ ಪತ್ರವನ್ನು ಓದದೆ ಹರಿದುಹಾಕಿ.

ಗುರುವಾರ ಹೊರಡಲು ರಜೆ ಕೇಳಿದ್ದೇನೆ, ಕೊಡಲಿಲ್ಲ. ಮುಂದಿನ ವಾರ ಬರುತ್ತೇನೆ.

ಎಲ್ವಿಯ


ಲತಾಕುಂಗ, ಆಸ್ಪತ್ರೆ
14 ಫೆಬ್ರವರಿ 1993

ಡಾಕ್ಟರ್ ಎಲ್ವಿಯ ಅವರಿಗೆ,

ನಿಮ್ಮ ತಂತಿ, ಕುಡಿತದ ಬಗ್ಗೆ ಬರೆದ ಪತ್ರ ಎರಡೂ ಗುರುವಾರ ವಿಲ್ಸನ್ ಕೈಯಲ್ಲಿ ಒಟ್ಟಿಗೆ ಬಂದವು. ಒಂಬತ್ತರ ಪತ್ರ ನಿನ್ನೆ ತಲುಪಿತು. ಮಂಗಳವಾರವೇ ಎಲ್ಲ ಮುಗಿದಿತ್ತು. ನೀವು ಮಣ್ಣು ತೂಗುತ್ತಿದ್ದ ಬೆಳಿಗ್ಗೆಯೇ.

ಸೂಕ್ತವಾದ ಒಣ ಜಾಗ ಎಂದು ಬರೆದಿದ್ದೆನಲ್ಲ, ಅದು ಶಾಲೆಯ ತರಗತಿ ಕೋಣೆ. ರೊಸಾರಿಯೊಳ ಕುಟುಂಬವನ್ನು ಅಲ್ಲೇ ಇರಿಸಿದ್ದೆ. ಊರಿನಲ್ಲಿ ಸೋರದ ತಗಡು, ಬಿರುಕು ಬಿಟ್ಟಿದ್ದರೂ ಸಿಮೆಂಟಿನ ನೆಲ ಇದ್ದದ್ದು ಅದೊಂದಕ್ಕೇ. ಸಂಜೆ ಬೆಂಚುಗಳನ್ನು ಸರಿಸಿ ಚಾಪೆ ಹಾಸಿಕೊಳ್ಳುತ್ತಿದ್ದರು. ಪೆತ್ರೋನಜ್ಜಿಗೆ ಮನಸ್ಸೇ ಇರಲಿಲ್ಲ. "ಒಲೆ ಇಲ್ದಿರೋ ಮನೇಲಿ ಹೆಣ ಮಲಗ್ತದೆ, ನಾನು ಮಲಗಲ್ಲ" ಅಂದಿದ್ದಳು. ನಾನೇ ಕೈ ಹಿಡಿದು ಕರೆತಂದೆ. ಗೋಡೆಯ ಆಚೆ ಅವರ ಮಾತು ಕೇಳಿಸುತ್ತಿತ್ತು. ನೋರ್ಮ ಅಜ್ಜಿಗೆ ಅಕ್ಷರ ಕಲಿಸುತ್ತಿದ್ದಳು. ಎಷ್ಟೋ ವರ್ಷದ ಮೇಲೆ ನನಗೊಂದು ಮನೆಯಲ್ಲಿ ಇದ್ದಂತಾಗಿತ್ತು.

ಆ ಬಯಲು ಈಗ ವಾಲಿಬಾಲ್ ಅಂಕಣ. ನವೆಂಬರಿನಲ್ಲಿ ಊರೆಲ್ಲ ಸೇರಿ ಮಾಡಿದರು. ಗಂಡಸರು ರೋಲರ್ ಎಳೆದರು, ಹೆಂಗಸರು ಸುಣ್ಣ ಹೊತ್ತರು, ಎಲ್ಲರಿಗೂ ಬೇಯಿಸಿದ ಆಲೂಗಡ್ಡೆ. ನನ್ನ ಕೈಗೂ ಹಗ್ಗ ಕೊಟ್ಟು ಅಬೆಲಾರ್ದೊ, "ಎಳೀಲಿ ಕೋತಿ, ಇದೂ ನಮ್ಮದೇ" ಅಂದ. ಆ ದಿನದ ಬಗ್ಗೆ ನಿಮಗೆ ಎರಡು ಪುಟ ಬರೆದು, ಅಂಕಿಗಳಷ್ಟೇ ಸಾಕು ಎಂದದ್ದು ನೆನಪಾಗಿ ಒಲೆಗೆ ಹಾಕಿದೆ. ಡಿಸೆಂಬರಿನಲ್ಲಿ ಸುಲ್ತಾನ್ ಮಂಚದ ಕೆಳಗೇ ಸತ್ತಿತ್ತು. ಅದನ್ನೂ ಬರೆಯಲಿಲ್ಲ. ಮುದಿಯಾಗಿತ್ತು, ಚಳಿಗೆ ಹೋಯಿತು ಅಂದುಕೊಂಡೆ. ನನ್ನ ತಲೆಭಾರ, ಮಂಪರು ಎಲ್ಲ ಸುಲ್ತಾನ್ ಹೋದ ದುಃಖ, ಒಬ್ಬನೇ ಇರುವ ಬೇಸರ ಎಂದು ನಂಬಿದ್ದೆ. ಬೇಸರದಿಂದ ಹಾಗಾಗುವುದನ್ನು ಮೊದಲೂ ಕಂಡಿದ್ದೆ.

ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಗೋಡೆಯ ಆಚೆ ರೊಸಾರಿಯೊ ಕೂಗಿಕೊಂಡಳು. ಅವಳು ಬಾಗಿಲ ಸಂದಿನ ಪಕ್ಕ ಮಲಗುತ್ತಿದ್ದುದರಿಂದ ಉಳಿದಿದ್ದಳು. ನಾನು ಎದ್ದರೆ ಕಾಲು ನಿಲ್ಲಲೊಲ್ಲದು. ಗೋಡೆ ಹಿಡಿದು ಹೋದೆ. ನೋರ್ಮಳ ತುಟಿ ನೀಲಿಯಾಗಿತ್ತು. ಎತ್ತಿ ಮಳೆಯಲ್ಲಿಯೇ ಹೊರಗೆ ಮಲಗಿಸಿದೆವು. ರೊಸಾರಿಯೊ ಅವಳ ಎದೆ ತಿಕ್ಕುತ್ತ "ಉಸಿರಾಡೇ, ಉಸಿರಾಡೇ ನನ್ನವ್ವಾ" ಎಂದು ಬೈಯುತ್ತ ಬೇಡುತ್ತಿದ್ದಳು. ಹುಡುಗಿ ಕೆಮ್ಮಿದಳು. ಆಗ ನಾವು ಅಜ್ಜಿಗಾಗಿ ಒಳಗೆ ಹೋದೆವು. ಹಿಂದಿನ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈ ತಣ್ಣಗಾಗಿತ್ತು.

ಹಾಲಿನ ಲಾರಿಯಲ್ಲಿ ನೋರ್ಮಳನ್ನು ಇಲ್ಲಿಗೆ ತಂದೆವು. ಆಮ್ಲಜನಕ ಕೊಟ್ಟರು. ಬದುಕಿದ್ದಾಳೆ. ಮಾತು ನಿಧಾನ, ಎಡಗೈ ಸ್ವಲ್ಪ ನಡುಗುತ್ತದೆ, ಹೋಗುತ್ತದೆ ಎನ್ನುತ್ತಾರೆ. ಅತ್ತೆಯ ಮಣ್ಣಿಗೆ ರೊಸಾರಿಯೊ ಊರಿಗೆ ಮರಳಬೇಕಾಯಿತು. ಲಾರಿ ಹತ್ತುವ ಮೊದಲು ನನ್ನ ಮುಂದೆ ನಿಂತು ಹೇಳಿದಳು:

"ನಮ್ಮ ಅಡುಗೆಮನೇಲಿ ಸತ್ತಿದ್ದು ಗಿನಿಹಂದಿ, ಮೇಷ್ಟ್ರೇ. ನಿಮ್ಮ ಶಾಲೇಲಿ ಸತ್ತಿದ್ದು ನಮ್ಮತ್ತೆ. ನಿಮ್ಮ ಡಾಕ್ಟರಮ್ಮಂಗೆ ಇದನ್ನೂ ಬರೀರಿ."

ಬರೆದಿದ್ದೇನೆ. ಆಮೇಲೆ ಅವಳೇ, "ಮಗಳ ಹತ್ರ ಕೂತಿರಿ, ಅವ್ಳಿಗೆ ಇಲ್ಲಿ ಯಾರ ಗುರ್ತೂ ಇಲ್ಲ" ಎಂದು ಹೋದಳು. ಕೂತಿದ್ದೇನೆ.

ಇನ್ನು ನೀವು ಬರುವುದು ಬೇಡ. ಜನ ಏನು ಮಾಡಿಯಾರೋ ಹೇಳಲಾರೆ.

ಉಲ್ಬಿಯೊ


ಕೀಟೊ
1 ಮಾರ್ಚ್ 1993

ಉಲ್ಬಿಯೊ ಅವರೇ,

ಬೇಡ ಎಂದರೂ ಹೋದೆ. ನೀವು ಆಸ್ಪತ್ರೆಯಲ್ಲಿದ್ದದ್ದರಿಂದ ಅಲ್ಲಿ ಏನಾಯಿತು ಎಂದು ನಾನೇ ತಿಳಿಸಬೇಕು.

ವಿಲ್ಸನ್ ಲಾರಿಯಲ್ಲಿ ಊರು ಸೇರಿದೆ. ಅಂಕಣದಲ್ಲಿ ಜನ ಸೇರಿದ್ದರು. ನಾನು ಗಾಜಿನ ಕಂಬ ಒಂದನ್ನು ತಂದಿದ್ದೆ, ತೋರಿಸಲೆಂದು. ಅವರ ಮುಖ ನೋಡಿ ಚೀಲದಿಂದ ತೆಗೆಯಲಿಲ್ಲ. ಶಾಲೆಯ ನೆಲದ ಮೇಲೆ ಬೆಂಕಿಕಡ್ಡಿ ಗೀರಿ ಬಗ್ಗಿದೆ. ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತಲೇ ಆರಿತು. ಇನ್ನೊಂದು ಗೀರಿದೆ. ಅದೂ ಆರಿತು. ಯಾರೋ ಹೆಂಗಸು ತನ್ನ ಮಗುವನ್ನು ಹಿಂದಕ್ಕೆಳೆದುಕೊಂಡಳು.

ಅಂಕಣವನ್ನು ಶಾಲೆಯ ಗೋಡೆಗುಂಟ ಉದ್ದಕ್ಕೂ ಅಗೆದು ಜಲ್ಲಿಕಲ್ಲು ತುಂಬಬೇಕು, ಆಗ ಅನಿಲಕ್ಕೆ ಹೊರಗೇ ದಾರಿಯಾಗುತ್ತದೆ ಎಂದೆ. ಅಬೆಲಾರ್ದೊ ಕೇಳಿದ: "ಅಡುಗೆಮನೆ ಬಿಡಿ ಅಂದ್ರಿ, ಬಿಟ್ವು. ಈಗ ಅಂಕಣ ಅಗೀರಿ ಅಂತೀರಿ. ನಾಳೆ ಇನ್ನೆಲ್ಲಿ ಬತ್ತದೆ, ಡಾಕ್ಟರಮ್ಮ? ಅದನ್ನೂ ಈಗ್ಲೇ ಹೇಳ್ಬಿಡಿ."

ಉತ್ತರ ನನ್ನಲ್ಲಿತ್ತು, ಲೆಕ್ಕ ಮಾಡಿಯೇ ಹೋಗಿದ್ದೆ. ಆದರೆ ನವೆಂಬರಿನಲ್ಲಿಯೂ ಲೆಕ್ಕ ಮಾಡಿದ್ದೆನಲ್ಲ. "ಜಲ್ಲಿಯಲ್ಲಿ ಬರುತ್ತದೆ ಅಂತ ನನಗನ್ನಿಸುತ್ತೆ. ಬರದೇ ಹೋದರೆ ಗೊತ್ತಾಗೋ ತನಕ ಯಾರೂ ಒಳಗೆ ಹೋಗಬೇಡಿ. ನಾನಿಲ್ಲೇ ಇದ್ದು ನೋಡ್ತೀನಿ" ಅಂದೆ.

ಆಗ ರೊಸಾರಿಯೊ ಮನೆಯಿಂದ ಗುದ್ದಲಿ ತಂದಳು. ಕಪ್ಪು ಶಾಲು ಹೊದ್ದಿದ್ದಳು. ನನ್ನ ಕಡೆ ನೋಡಲಿಲ್ಲ. ಅಂಕಣದ ಬಿಳಿ ಗೆರೆಯ ಮೇಲೆ ನಿಂತು ಒಂದು ಏಟು ಹಾಕಿದಳು. ಮಣ್ಣು ಎಷ್ಟು ಗಟ್ಟಿಯೆಂದರೆ ಗುದ್ದಲಿ ಪುಟಿದು ಹಿಂದಕ್ಕೆ ಬಂತು. ಮತ್ತೊಂದು ಹಾಕಿದಳು. ನಾಲ್ಕಾರು ಏಟಾದ ಮೇಲೆ ಅಬೆಲಾರ್ದೊ ಹೋಗಿ, "ಬಿಡು ತಂಗಿ, ಕೊಡಿಲ್ಲಿ" ಎಂದು ತೆಗೆದುಕೊಂಡ. ಸಂಜೆಯ ಹೊತ್ತಿಗೆ ಊರೇ ಅಗೆಯುತ್ತಿತ್ತು. ನಾನೂ ಅಗೆದೆ. ಯಾರೂ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಜಲ್ಲಿಯ ಮೇಲೆ ಬಕೆಟ್ಟು ಬೋರಲು ಹಾಕಿದೆ. ನಳಿಕೆ ತುದಿಯವರೆಗೂ ನೇರಳೆಯಾಯಿತು. ಶಾಲೆಯೊಳಗೆ ದಿನದಿನಕ್ಕೂ ಇಳಿಯಿತು. ನಾನು ಹೊರಡುವ ದಿನ ಬೆಂಕಿಕಡ್ಡಿ ನೆಲದವರೆಗೂ ಉರಿಯಿತು.

ಮರಳುವಾಗ ಲತಾಕುಂಗದಲ್ಲಿ ಇಳಿದು ಆಸ್ಪತ್ರೆಗೆ ಬಂದೆ. ವಾರ್ಡಿನ ಬಾಗಿಲಲ್ಲಿ ಗಾಜಿತ್ತು. ನೀವು ನೋರ್ಮಳಿಗೆ ಬಾರ್ಲಿ ಗಂಜಿ ಕುಡಿಸುತ್ತಿದ್ದಿರಿ. ಬಹಳ ಇಳಿದುಹೋಗಿದ್ದೀರಿ. ಒಳಗೆ ಬರದೆ ಮುಂದಿನ ಬಸ್ಸಿಗೆ ಹೊರಟುಬಿಟ್ಟೆ.

ಎಲ್ವಿಯ


ಯಾನಪಂಬ
28 ಮಾರ್ಚ್ 1993

ಎಲ್ವಿಯ ಅವರೇ,

ನೋರ್ಮಳನ್ನು ಕರೆತಂದಿದ್ದೇನೆ. ಕೈ ನಡುಕ ಹೆಚ್ಚುಕಡಿಮೆ ನಿಂತಿದೆ. ಶಾಲೆ ತೆರೆದಿದೆ. ಮಕ್ಕಳು ಜಲ್ಲಿಯ ಸಾಲನ್ನು ದಾಟುವಾಗ ಉಸಿರು ಬಿಗಿಹಿಡಿಯುತ್ತಾರೆ. ಬೇಕಿಲ್ಲವೆಂದು ಹೇಳಿದೆ, ಕೇಳುವುದಿಲ್ಲ. ರೊಸಾರಿಯೊ ಸದ್ಯ ಅಬೆಲಾರ್ದೊನ ಅಟ್ಟದ ಮೇಲಿದ್ದಾಳೆ. ಅವಳ ಅಡುಗೆಮನೆಯ ಸುತ್ತಲೂ ನೀವು ಹೇಳಿದಂತೆ ಅಗೆಯುತ್ತಿದ್ದಾರೆ.

ಅಂಕಿಗಳು ಲಗತ್ತಿಸಿವೆ. ಎಲ್ಲ ನಿಮ್ಮ ಗೆರೆಯ ಮೇಲೆಯೇ ಇವೆ.

ನನ್ನನ್ನು ಈಗ ಯಾರೂ ಕೋತಿ ಎನ್ನುವುದಿಲ್ಲ. ನಮಸ್ಕಾರ ಮೇಷ್ಟ್ರೇ ಎಂದು ಟೋಪಿ ತೆಗೆದು ದಾರಿ ಬಿಡುತ್ತಾರೆ. ಜುಲೈಗೆ ವರ್ಗಾವಣೆ ಕೇಳಿಕೊಂಡಿದ್ದೇನೆ.

ಒಂದು ಕೇಳಬೇಕು. ಉಳಿದ ಸಂಗತಿ ಬೇಡ ಎಂದು ಯಾಕೆ ಬರೆದಿರಿ?

ಉಲ್ಬಿಯೊ


ಕೀಟೊ
18 ಏಪ್ರಿಲ್ 1993

ಉಲ್ಬಿಯೊ ಅವರೇ,

ನಿಮ್ಮ ಮೊದಲ ಪತ್ರವನ್ನು ಮನೆಗೆ ಒಯ್ದಿದ್ದೆ. ಕಚೇರಿಯ ಯಾವ ಕಾಗದವನ್ನೂ ನಾನು ಮನೆಗೆ ಒಯ್ಯುವವಳಲ್ಲ. ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತೆಂದರೆ ರೇಡಿಯೋ. ತಟ್ಟೆಯ ಬಗ್ಗೆ ನೀವು ಬರೆದದ್ದನ್ನು ಮತ್ತೆಮತ್ತೆ ಓದಿದೆ. ಮರುದಿನದಿಂದ ಲತಾಕುಂಗದ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕಾವಲುಗಾರನನ್ನು ಕೇಳಲು ಶುರುಮಾಡಿದೆ. ಐವತ್ತು ದಾಟಿದ ಹೆಂಗಸು. ನನ್ನ ಮೇಲೆ ನನಗೇ ನಾಚಿಕೆಯಾಗಿ ಹಾಗೆ ಬರೆದೆ. ಕೆಲಸದ ಶಿಸ್ತೂ ಅಲ್ಲ, ಮತ್ತೊಂದೂ ಅಲ್ಲ.

ನೀವು ಒಲೆಗೆ ಹಾಕಿದ ಆ ಎರಡು ಪುಟ ನನಗೆ ತಲುಪಿದ್ದರೆ, ಅಂಕಣ ಎಂಬ ಪದ ಕಂಡ ಕ್ಷಣವೇ ತಂತಿ ಕಳಿಸುತ್ತಿದ್ದೆ. ಮಣ್ಣಿನ ಎಷ್ಟು ಭಾಗ ಖಾಲಿ ಎಂದು ಲೆಕ್ಕ ಹಾಕಿದೆ. ನಿಮ್ಮ ಪತ್ರಗಳು ಯಾಕೆ ಖಾಲಿಯಾದವು ಎಂದು ಕೇಳಲಿಲ್ಲ.

ಪೆತ್ರೋನಜ್ಜಿಯನ್ನು ನಾನು ನೋಡಿಯೂ ಇರಲಿಲ್ಲ.

ಎಲ್ವಿಯ


ಬಾಹಿಯಾ, ಮನಬಿ ಕರಾವಳಿ
22 ಆಗಸ್ಟ್ 1993

ಎಲ್ವಿಯ ಅವರೇ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಕಾರಣ ಸಿಟ್ಟಲ್ಲ. ಏಪ್ರಿಲ್ ಪತ್ರಕ್ಕೆ ಏನು ಬರೆದರೂ ಕಡಿಮೆಯಾಗುತ್ತಿತ್ತು.

ತಂಗಿಯ ಮನೆಯಲ್ಲಿದ್ದೇನೆ. ಮೀನು, ಹುರಿದ ಬಾಳೆಕಾಯಿ, ಕಡಲೆಬೀಜದ ಪುಡಿ, ಮಕ್ಕಳ ಗಲಾಟೆ. ಇಲ್ಲಿ ಯಾರೂ ಒಬ್ಬರೇ ಉಣ್ಣುವುದಿಲ್ಲ. ಕಿಟಕಿಗಳಿಗೆ ಗಾಜೇ ಇಲ್ಲ, ಸಮುದ್ರದ ಗಾಳಿ ಆಚೆಯಿಂದ ಬಂದು ಈಚೆಗೆ ಹೋಗುತ್ತದೆ. ತಲೆನೋವು ಮಂಪರು ಎಲ್ಲ ಹೋಗಿವೆ. ಅಕ್ಷರ ಸಾಲಿನ ಮೇಲೆ ನಿಲ್ಲುತ್ತಿದೆ, ನೋಡಿ.

ಆದರೆ ಬೆಳಿಗ್ಗೆ ಎದ್ದಾಗ ಎದೆಯ ಮೇಲಿನ ಭಾರ ಇದ್ದೇ ಇದೆ. ಅಲ್ಲಿದ್ದಾಗ ಎರಡೂ ಒಂದೇ ಎಂದುಕೊಂಡಿದ್ದೆ. ಅನಿಲ ನಿಂತ ಮೇಲೆ ಉಳಿದದ್ದು ಎಷ್ಟು ಎಂದು ಈಗ ಗೊತ್ತಾಗಿದೆ. ಪೆತ್ರೋನಜ್ಜಿಯ ಕೈ ಹಿಡಿದು ಶಾಲೆಗೆ ಕರೆತಂದದ್ದು ಅದರಲ್ಲಿ ಸೇರಿದೆ. ಅದಕ್ಕೂ ಹಳೆಯದು ಕೂಡ ಸೇರಿದೆ. ತಂಗಿ, "ಅಣ್ಣಾ, ಅಷ್ಟು ಎತ್ತರದಿಂದ ಇಳಿದು ಬಂದಿದೀಯ, ಒಗ್ಗೋಕೆ ಟೈಮ್ ಬೇಕು" ಅನ್ನುತ್ತಾಳೆ. ಆಗಲಿ ಎಂದಿದ್ದೇನೆ.

ನಿಮ್ಮ ಗಾಜಿನ ಕಂಬಗಳು ಹೇಗಿವೆ?

ಉಲ್ಬಿಯೊ


ಕೀಟೊ
27 ಜನವರಿ 1994

ಉಲ್ಬಿಯೊ ಅವರೇ,

ಕಂಬಗಳನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟರು. ನಮ್ಮ ವಿಭಾಗ ಮುಚ್ಚಿತು, ನನ್ನನ್ನು ನಿವೃತ್ತಿಗೆ ಕಳಿಸಿದರು. ಅದನ್ನು ಹೇಳುವ ಪತ್ರವನ್ನು ಬಹಳ ಸಲ ಶುರುಮಾಡಿ ಬಿಟ್ಟೆ.

ತಿಂಗಳಿಗೊಮ್ಮೆ ಸ್ವಂತ ಖರ್ಚಿನಲ್ಲಿ ಯಾನಪಂಬಕ್ಕೆ ಹೋಗಿ ಅಳೆದು ಬರುತ್ತೇನೆ. ಜಲ್ಲಿ ಕೆಲಸ ಮಾಡುತ್ತಿದೆ. ಹೋದ ಸಲ ರೊಸಾರಿಯೊ ತನ್ನ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು. ಇಷ್ಟು ತಿಂಗಳಲ್ಲಿ ಮೊದಲ ಸಲ. "ಫೆಬ್ರವರಿ ಒಂಬತ್ತಕ್ಕೆ ಅತ್ತೆಗೆ ವರ್ಷ ತುಂಬ್ತದೆ. ಊಟ ಇಟ್ಟಿದೀನಿ. ನೀವು ಬರ್ಬೇಕು. ಮೇಷ್ಟ್ರೂ ಬರ್ಬೇಕು. ಅವ್ರಿಲ್ದೆ ನೀವೊಬ್ರೇ ಬಂದ್ರೆ ನಾನು ಬಡಿಸಾಕಿಲ್ಲ, ನೀವಿಲ್ದೆ ಅವ್ರು ಬಂದ್ರೂ ಅಷ್ಟೇ" ಅಂದಳು. ಅದು ಕ್ಷಮೆಯೋ, ಶಿಕ್ಷೆಯೋ, ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಎಂಟನೆಯ ತಾರೀಕು ಬೆಳಿಗ್ಗೆಯಿಂದ ಲತಾಕುಂಗದ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ಕರಾವಳಿಯ ಬಸ್ಸುಗಳು ಎಷ್ಟು ಹೊತ್ತಿಗೆ ಬರುತ್ತವೆ ಎಂದು ಯಾರೂ ಸರಿಯಾಗಿ ಹೇಳುವುದಿಲ್ಲ. ವಿಲ್ಸನ್ ಮಧ್ಯಾಹ್ನದ ನಂತರ ಹೊರಡುತ್ತಾನೆ. ಅವನನ್ನು ಸ್ವಲ್ಪ ತಡೆದು ನಿಲ್ಲಿಸಬಲ್ಲೆ, ಬಹಳ ಹೊತ್ತು ಆಗುವುದಿಲ್ಲ.

ಉತ್ತರ ಬರೆಯಬೇಡಿ. ಅದು ಕೀಟೊ ತಲುಪುವ ಹೊತ್ತಿಗೆ ನಾನು ಹೊರಟಿರುತ್ತೇನೆ.

ಎಲ್ವಿಯ